ಮಾಸ್ತರರ ಇಂಗ್ಲಿಷ್ ಪುರಾಣದ ಮಂಗಲ

ಹಲ್ಲುನೋವೆಂದು ಭೀಮರಾಯನಗುಡಿಯ ಕಾಲುವೆ ಕ್ಯಾಂಪಿನ ದವಾಖಾನೆಗೆ ಹೋದ ನನ್ನ ಗಂಡ ಹಲ್ಲನ್ನು ಹಾಗೇ ಬಾಯಲ್ಲಿಟ್ಟುಕೊಂಡು, ಗ್ರೀಕ್ ಭಾಷೆಯ ನಾಲ್ಕಾರು ಅಕ್ಷರ ಕಲಿತು ತಿರುಗಿ ಬಂದರು. ಹಲ್ಲು ಕಿತ್ತ ಬಾಯಿಗೆ ರೊಟ್ಟಿ ನಡೆಯುವುದಿಲ್ಲವೆಂದು ನಾನು ಗಂಜಿ ಮಾಡಿಟ್ಟು ದಾರಿ ಕಾಯುತ್ತಿದ್ದೆ. ಸೈಕಲ್ ಇಳಿದವರು ಗಂಜಿಯ ಕಡೆ ನೋಡಲೂ ಇಲ್ಲ. ಜೇಬಿನಿಂದ ಸೀಮೆಸುಣ್ಣ ತೆಗೆದು ನನ್ನ ಅಡುಗೆಮನೆಯ ಬಾಗಿಲ ಮೇಲೆ ಮೀನಿನಂಥದ್ದೊಂದು, ಗುದ್ದಲಿಯಂಥದ್ದೊಂದು ಗೀಚಿದರು.

“ಇದು ಅ. ಇದು ಗ” ಎಂದರು.

“ಹಲ್ಲು ಏನಾತ್ರಿ?” ಎಂದೆ.

“ಯಾವ ಹಲ್ಲು?” ಎಂದರು.

ಕಾಲುವೆ ಅಗೆಯುತ್ತಿದ್ದ ಕಾಲ ಅದು. ಶಹಾಪುರದ ಸುತ್ತ ಎಲ್ಲಿ ನೋಡಿದರೂ ಕೆಂಪು ಮಣ್ಣಿನ ಗುಡ್ಡೆ, ಲಾರಿ, ಜೀಪು. ಇವತ್ತು ನೀರು ಬಂತು, ನಾಳೆ ನೀರು ಬಂತು ಎನ್ನುತ್ತಲೇ ನಮ್ಮ ಓಣಿಯ ಎಷ್ಟೋ ಕೂಸುಗಳು ನಡೆಯಲು ಕಲಿತಿದ್ದವು. ನನ್ನ ಗಂಡ ಸುರಪುರದವರು. ರಾಜ್ಯ ಹೋಗಿ ಎಷ್ಟು ವರ್ಷವಾದರೂ ಸುರಪುರದವರ ಕೊರಳು ಇನ್ನೂ ಬಾಗಿಲ್ಲ ಎಂದು ನಮ್ಮ ಕಡೆ ಹೇಳುತ್ತಾರೆ. ಇವರ ಕೊರಳಂತೂ ಸಂಸ್ಕೃತ ಓದಿ ಇನ್ನೊಂದು ಗೇಣು ಉದ್ದವಾಗಿತ್ತು. ಅಂಥವರಿಗೆ ಸರಕಾರ ಸಗರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮತ್ತು ಸಂಸ್ಕೃತ ಕಲಿಸುವ ನೌಕರಿ ಕೊಟ್ಟಿತು. ಸಗರ ನನ್ನ ತವರೂರು. ಹೀಗಾಗಿ ಶಾಲೆಯೊಳಗೆ ಅವರು ಮಾಸ್ತರರು, ಶಾಲೆಯ ಗೇಟು ದಾಟಿದರೆ ಊರಿಗೆಲ್ಲ ಅಳಿಯ. ಅಳಿಯನನ್ನು ಚೇಷ್ಟೆ ಮಾಡುವುದು ನಮ್ಮೂರಲ್ಲಿ ಹುಟ್ಟಿದ ಪ್ರತಿಯೊಬ್ಬರ ಹಕ್ಕು. ನಾನು ಆ ಹಕ್ಕನ್ನು ಎಲ್ಲರಿಗಿಂತ ಹೆಚ್ಚು ಬಳಸಿದವಳು.

ಗ್ರೀಕ್ ಕಲಿಸಿದವರು ಒಬ್ಬ ಮುದಿ ಪಾದ್ರಿ. ಅವರ ಮಗಳು ಕ್ಯಾಂಪ್ ದವಾಖಾನೆಯಲ್ಲಿ ನರ್ಸು. ಪಾದ್ರಿಯವರ ಕಣ್ಣು ಮಂಜಾಗಿ ಓದು ನಿಂತುಹೋಗಿತ್ತು. ಹರೆಯದಲ್ಲಿ ಕಲಿತ ಗ್ರೀಕ್ ಮರೆತುಹೋದೀತೆಂದು ದವಾಖಾನೆಯ ಪಡಸಾಲೆಯ ಬಾಕಿನ ಮೇಲೆ ಕುಳಿತು ದಿನಾ ಬಾಯಿಪಾಠ ಒಪ್ಪಿಸಿಕೊಳ್ಳುತ್ತಿದ್ದರಂತೆ. ಗಲ್ಲ ಹಿಡಿದುಕೊಂಡು ತಮ್ಮ ಪಾಳಿ ಕಾಯುತ್ತಿದ್ದ ನನ್ನ ಗಂಡನ ಕಿವಿಗೆ ಅದು ಬಿತ್ತು. ಬೆಲ್ಲದ ಗಡಿಗೆ ತೆರೆದರೆ ಇರುವೆಗೆ ಕರೆಯೋಲೆ ಕಳಿಸಬೇಕೇ? ಪಾಳಿ ಬಂದು ಹೋಯಿತು, ದವಾಖಾನೆ ಮುಚ್ಚಿತು, ಇಬ್ಬರೂ ಬಾಕಿನ ಮೇಲೆಯೇ ಇದ್ದರು.

ಅಲ್ಲಿಂದ ಪ್ರತಿ ಆದಿತ್ಯವಾರ ಸೈಕಲ್ಲು ಕ್ಯಾಂಪಿನ ದಾರಿ ಹಿಡಿಯಿತು. ಮೊದಲು ಅಕ್ಷರ, ಆಮೇಲೆ ಮಾತು, ಆಮೇಲೆ ಕಥೆ. ಯೇಸುವಿನ ಕಥೆಯನ್ನು ನಾಲ್ವರು ಬರೆದಿದ್ದಾರಂತೆ. ಅದರಲ್ಲಿ ಎಲ್ಲಕ್ಕಿಂತ ಗಿಡ್ಡದ್ದನ್ನು ಪಾದ್ರಿಯವರು ಆರಿಸಿಕೊಟ್ಟರು. ಓದುತ್ತ ಓದುತ್ತ ಒಂದು ದಿನ ಪಾದ್ರಿಯವರು ಮನಸ್ಸಿನ ಮಾತು ಹೇಳಿದರು. ಅವರು ಚಿಕ್ಕವರಿದ್ದಾಗ ಹೈದರಾಬಾದಿನ ಶಾಲೆಯಲ್ಲಿ ಇದೇ ಕಥೆಯನ್ನು ಇಂಗ್ಲಿಷಿನಲ್ಲಿ ಉರು ಹೊಡೆಸಿದ್ದರಂತೆ. ಆ ಇಂಗ್ಲಿಷ್ ಗಂಜಿ ಹಾಕಿದ ಧೋತರದ ಹಾಗೆ, ಉಟ್ಟುಕೊಂಡು ನಿಲ್ಲಬಹುದು, ಕೂಡಲು ಬರುವುದಿಲ್ಲ. ನಮ್ಮ ಕಡೆಯ ಮಕ್ಕಳಿಗೆ ತಿಳಿಯುವಂಥ ಸಾದಾ ಇಂಗ್ಲಿಷಿನಲ್ಲಿ ನಮ್ಮ ಕಡೆಯವನೇ ಒಬ್ಬ ಇದನ್ನು ಬರೆದರೆ, ಸಾಯುವುದರೊಳಗೆ ಒಮ್ಮೆ ಮೊದಲಿಂದ ಕಡೆಯವರೆಗೆ ಕೇಳಬೇಕು ಎಂಬುದು ಅವರ ಆಸೆ.

“ಕನ್ನಡದಾಗ ಯಾಕ ಮಾಡಬಾರದು?” ಎಂದು ನಾನು ಕೇಳಿದೆ.

“ಕನ್ನಡದಾಗ ನನಗ ಸೊಕ್ಕು ಬರ್ತದ” ಎಂದರು ನನ್ನ ಗಂಡ. “ಒಂದು ಮಾತಿನ ಜಾಗಾದಾಗ ನಾಕು ಮಾತು ಹೆಣೀತೀನಿ. ಇಂಗ್ಲಿಷ್ ನನ್ನ ಹತ್ರ ಇರೋದ ಅಷ್ಟ. ಸೀದಾ ನಡೀಬೇಕು, ಬ್ಯಾರೆ ದಾರಿ ಇಲ್ಲ.”

ಅವರು ತಮ್ಮ ಬಗ್ಗೆ ಇಷ್ಟು ಖರೆ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅವತ್ತು ಅವರ ಮೇಲೆ ಬಹಳ ಪ್ರೀತಿ ಬಂತು. ಎರಡು ರೊಟ್ಟಿ ಹೆಚ್ಚು ಬಡಿದೆ.

ಅವರು ಕೆಲಸ ಮಾಡುವ ರೀತಿಯೇ ಒಂದು ತಮಾಷೆ. ಶಾಲೆಯಿಂದ ಬಂದು ಚಹಾ ಕುಡಿದು ಗ್ರೀಕ್ ನೋಡಿ ಒಂದಿಷ್ಟು ಇಂಗ್ಲಿಷ್ ಬರೆಯುತ್ತಿದ್ದರು. ಸಂಜೆ ನಾನು ಒಲೆ ಹೊತ್ತಿಸಿದ ಕೂಡಲೇ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಅದನ್ನು ದನಿಯೆತ್ತಿ ಓದುತ್ತಿದ್ದರು. ಕಿವಿಗೆ ಎಡವದೇ ಹೋಗುತ್ತದೋ ಇಲ್ಲವೋ ನೋಡಬೇಕಂತೆ. ಓದಿದ ಮೇಲೆ ಕನ್ನಡದಲ್ಲಿ ನನಗೆ ಅರ್ಥ ಹೇಳುತ್ತಿದ್ದರು. ನಾನು ಹೂಂ ಎಂದರೆ ಆಯಿತು, ರೊಟ್ಟಿ ಬಡಿಯುವ ಕೈ ನಿಲ್ಲಿಸಿ “ಆಂ?” ಎಂದರೆ ಅವರು ಆ ಸಾಲು ಹೊಡೆದುಹಾಕಿ ಮತ್ತೆ ಬರೆಯುತ್ತಿದ್ದರು. ಎಷ್ಟೋ ಸಲ ರೊಟ್ಟಿ ಹರಿಯಿತೆಂದು ನಾನು ಕೈ ನಿಲ್ಲಿಸಿದ್ದಕ್ಕೂ ಪಾಪ ಹೊಡೆದುಹಾಕಿದ್ದಾರೆ.

ನಮ್ಮ ಮನೆಯ ಮುಂದೆ ದೊಡ್ಡ ಕಟ್ಟೆ. ಒಳಗೆ ಓದಿದ್ದು ಹೊರಗೆ ಕೇಳುತ್ತದೆ. ಮೊದಲು ಬಾಜೂ ಮನೆಯ ಅಕ್ಕ ಬಂದು ಕುಳಿತಳು. ಆಕೆ ನನಗಿಂತ ಹಿರಿಯಳು, ನನ್ನ ತಾಯಿಯ ಗೆಳತಿಯ ಮಗಳು, ಕೈಗೆ ಕೆಲಸವಿಲ್ಲದಿದ್ದರೆ ಬಾಯಿಗೆ ಹುಡುಕಿಕೊಳ್ಳುವವಳು. ಆಮೇಲೆ ಆಕೆಯ ಗಂಡ, ಆಮೇಲೆ ಭಜನೆಯ ಹಾರ್ಮೋನಿಯಂ ಕಾಕಾ, ಆಮೇಲೆ ಯಾರ್ಯಾರೋ. ಶ್ರಾವಣದಲ್ಲಿ ನಮ್ಮೂರಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಪದ್ಯ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಪದ್ಯ ಯಾರಿಗೂ ತಿಳಿಯುವುದಿಲ್ಲ, ತಿಳಿಯಬೇಕೆಂದು ಯಾರೂ ಹಟ ಹಿಡಿಯುವುದೂ ಇಲ್ಲ, ಅರ್ಥಕ್ಕೆ ಕಾಯುತ್ತಾರೆ. ಇಲ್ಲಿಯೂ ಅದೇ ನಡೆದಿತ್ತು. ಹಳಗನ್ನಡದ ಬದಲು ಇಂಗ್ಲಿಷ್, ಅಷ್ಟೇ. ಹೀಗೆ ನನ್ನ ಗಂಡನಿಗೆ ಗೊತ್ತಿಲ್ಲದೇ ಅದು ‘ಅಳ್ಯಾರ ಪುರಾಣ’ ಆಯಿತು. ಹಾರ್ಮೋನಿಯಂ ಕಾಕಾ ಇಂಗ್ಲಿಷ್ ಕೇಳಿ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. “ಪದ್ಯ ಅಂದ್ರ ಹಿಂಗ ಇರಬೇಕ ನೋಡ್ರಿ. ತಿಳೀಲಿಲ್ಲ ಅಂದ್ರೂ ಖುಷಿ ಆಗ್ತದ” ಎನ್ನುತ್ತಿದ್ದರು.

ಅರ್ಥ ಹೇಳುವಾಗ ಮಾತ್ರ ಯಾರೂ ಸುಮ್ಮನೆ ಬಿಡುತ್ತಿರಲಿಲ್ಲ. ಲಕ್ವಾ ಹೊಡೆದವನನ್ನು ಗೆಳೆಯರು ಮನೆಯ ಮಾಳಿಗೆ ಅಗೆದು ಯೇಸುವಿನ ಮುಂದೆ ಇಳಿಸಿದ ಕಥೆ ಬಂದಾಗ, ಅವನು ಎದ್ದು ನಡೆದದ್ದು ಎಲ್ಲರಿಗೂ ಸಂತೋಷವೇ. ಆದರೆ ನಮ್ಮೂರಿನವೂ ಮಣ್ಣಿನ ಮಾಳಿಗೆಗಳು.

“ಅಲ್ರಿ ಅಳ್ಯಾರ, ಮಾಳಿಗಿ ಕಿತ್ತವರು ಮತ್ತ ಮುಚ್ಚಿ ಹೋದ್ರೇನು?” ಎಂದು ಅಕ್ಕನ ಗಂಡ ಕೇಳಿದರು.

“ಅದನ್ನ ಬರದಿಲ್ರಿ.”

“ಬರೀಬೇಕಿತ್ತು. ಮಳಿಗಾಲ ಬಂದ್ರ ಅಂವ ಎಲ್ಲಿಗೆ ಹೋಗಬೇಕು?”

ಇನ್ನೊಂದು ದಿನ ದೆವ್ವ ಹೊಕ್ಕ ಹಂದಿಗಳ ಹಿಂಡು ಗುಡ್ಡದಿಂದ ಓಡಿ ಕೆರೆಗೆ ಬಿತ್ತು. ಆಗ ಕಟ್ಟೆಯ ಮೇಲೆ ದೊಡ್ಡ ಚರ್ಚೆ. ಕಾಲುವೆಗೆ ಜಮೀನು ಹೋದವರು ಪರಿಹಾರಕ್ಕಾಗಿ ಕ್ಯಾಂಪಿನ ಆಫೀಸಿಗೆ ಎಡತಾಕುತ್ತಿದ್ದ ದಿನಗಳು. ಹಂದಿ ಸಾಕಿದವನಿಗೆ ಪರಿಹಾರ ಸಿಕ್ಕಿತೇ, ಸಿಕ್ಕಿದ್ದರೆ ಯಾವ ಸಾಹೇಬರ ಕಡೆಯಿಂದ ಎಂದು ಕೇಳಿ ಕೇಳಿ ನನ್ನ ಗಂಡನನ್ನು ಹೈರಾಣ ಮಾಡಿದರು. ನಾನು ಒಳಗೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆ. ಆದಿತ್ಯವಾರ ಅವರು ಇದನ್ನೆಲ್ಲ ಪಾದ್ರಿಯವರಿಗೆ ಹೇಳಿದರೆ ಪಾದ್ರಿಯವರೂ ನಕ್ಕು ನಕ್ಕು ಮಗಳಿಂದ ಬೈಸಿಕೊಳ್ಳುತ್ತಿದ್ದರಂತೆ. ಒಂದೊಂದು ಅಧ್ಯಾಯ ಮುಗಿದಾಗಲೂ “ಸಗರದವರು ಏನಂದ್ರು?” ಎಂದು ಕೇಳದೇ ಮುಂದಿನದಕ್ಕೆ ಹೋಗುತ್ತಿರಲಿಲ್ಲ.

ಹೀಗೆ ಸಾಗಿ ಸಾಗಿ ಕಥೆ ಕಡೆಯ ಅಧ್ಯಾಯಕ್ಕೆ ಬಂತು. ಅಲ್ಲಿ ಬಂಡಿ ಹೂತುಕೊಂಡಿತು.

ಏನಾಗಿತ್ತೆಂದರೆ, ಯೇಸುವನ್ನು ಸಮಾಧಿ ಮಾಡಿದ ಮೂರನೆಯ ದಿನ ಮೂವರು ಹೆಣ್ಣುಮಕ್ಕಳು ಸುಗಂಧ ತೆಗೆದುಕೊಂಡು ಅಲ್ಲಿಗೆ ಹೋಗುತ್ತಾರೆ. ಸಮಾಧಿ ಖಾಲಿ. ಒಳಗೆ ಕುಳಿತಿದ್ದ ಒಬ್ಬ ಹುಡುಗ, ಯೇಸು ಸಾವಿನಿಂದ ಎದ್ದಿದ್ದಾರೆ, ಹೋಗಿ ಶಿಷ್ಯರಿಗೆ ಹೇಳಿರಿ ಎನ್ನುತ್ತಾನೆ. ಹೆಣ್ಣುಮಕ್ಕಳು ನಡುಗಿ ಅಲ್ಲಿಂದ ಓಡುತ್ತಾರೆ. ಹೆದರಿಕೆಯಿಂದ ಯಾರಿಗೂ ಏನೂ ಹೇಳುವುದಿಲ್ಲ. ಬಹಳ ಹಳೆಯ ಪ್ರತಿಗಳಲ್ಲಿ ಕಥೆ ಅಲ್ಲಿಗೇ ನಿಂತುಬಿಡುತ್ತದಂತೆ. ಆಮೇಲಿನ ಪ್ರತಿಗಳಲ್ಲಿ ಯಾರೋ ಒಂದು ಬಾಲ ಜೋಡಿಸಿದ್ದಾರೆ. ಬಾಲದಲ್ಲಿ ಯೇಸು ಶಿಷ್ಯರಿಗೆ ಕಾಣಿಸಿಕೊಂಡು ಎಲ್ಲವೂ ಸರಿಹೋಗುತ್ತದೆ. ನನ್ನ ಗಂಡನಿಗೆ ಬಾಲ ಬರೆಯಲು ಮನಸ್ಸು ಬಾರದು, ಬಾಲವಿಲ್ಲದೇ ಬಿಡಲು ಧೈರ್ಯ ಸಾಲದು. ಇಷ್ಟು ದೂರ ಕರೆದುಕೊಂಡು ಬಂದು ಇಂಥ ಜಾಗದಲ್ಲಿ ಕೈಬಿಡುವುದೇ ಎಂದು ಒದ್ದಾಡುತ್ತಿದ್ದರು. ಪಾದ್ರಿಯವರನ್ನು ಕೇಳಿದರೆ, “ಹೊಲ ನಿಂದು. ಬದು ನೀನ ಹಾಕಬೇಕು” ಎಂದು ಕೈಚೆಲ್ಲಿದರು.

ಬದು ಹಾಕುವುದು ಬಿಟ್ಟು ಇವರು ಮೊದಲ ಅಧ್ಯಾಯಕ್ಕೆ ಹಿಂತಿರುಗಿ ಅದನ್ನೇ ಮತ್ತೆ ತಿದ್ದಲು ಕುಳಿತರು. ಕಟ್ಟೆಯವರು ಕೇಳಿದ್ದನ್ನೇ ಕೇಳಿದರು. ಮಾಳಿಗೆ ಮತ್ತೆ ಅಗೆದರು, ಹಂದಿ ಮತ್ತೆ ಮುಳುಗಿದವು. ಪ್ರತಿ ಆದಿತ್ಯವಾರ ಪಾದ್ರಿಯವರು “ಕಡೀದು ಬಂತೇನಪಾ?” ಎಂದು ಕೇಳುವುದು, ಇವರು “ಇನ್ನೊಂದಿಷ್ಟು ಉಳದದ್ರಿ” ಎನ್ನುವುದು. ಹಿಂಗಾರಿ ಬಿತ್ತಿ ರಾಶಿಯೂ ಆಯಿತು, ಇವರ ‘ಇನ್ನೊಂದಿಷ್ಟು’ ಹಾಗೇ ಉಳಿಯಿತು. ನನಗೆ ಸಿಟ್ಟು ಬರುತ್ತಿತ್ತು. ಪಂಡಿತರ ಜೊತೆ ಸಂಸಾರ ಮಾಡಿದವರಿಗೆ ಗೊತ್ತು, ಅವರು ಸಣ್ಣ ತಪ್ಪಿಗೆ ಹೆದರುತ್ತ ದೊಡ್ಡ ತಪ್ಪು ಮಾಡುತ್ತಿರುತ್ತಾರೆ.

ಅಷ್ಟರಲ್ಲಿ ಸುದ್ದಿ ಬಂತು. ಪಾದ್ರಿಯವರ ಮಗಳಿಗೆ ಬೀದರಕ್ಕೆ ವರ್ಗವಾಗಿತ್ತು. ಹುಣ್ಣಿಮೆ ಕಳೆದ ಮೇಲೆ ಸಾಮಾನು ಕಟ್ಟುವವರಿದ್ದರು. ಕಣ್ಣಿಲ್ಲದ ಆ ವಯಸ್ಸಿನವರು ಒಮ್ಮೆ ಬೀದರಕ್ಕೆ ಹೋದರೆ ಮತ್ತೆ ಈ ಕಡೆ ಬರುವುದು ಎಲ್ಲಿಂದ? ಇವರು ಸೈಕಲ್ ಮೇಲೆ ಅಲ್ಲಿಗೆ ಹೋಗುವುದು ಯಾವ ಕಾಲಕ್ಕೆ? ಪಾದ್ರಿಯವರು ಏನೂ ಹಟ ಮಾಡಲಿಲ್ಲವಂತೆ. “ಕಡೀದು ಕೇಳಿ ಹೋಗಿದ್ರ ಛಲೋ ಇತ್ತು” ಎಂದಷ್ಟೇ ಹೇಳಿದರಂತೆ. ಅದನ್ನು ನನಗೆ ಹೇಳುವಾಗ ನನ್ನ ಗಂಡನ ಮುಖ ಸಣ್ಣದಾಗಿತ್ತು. ಆದರೂ ಪೆನ್ನು ತೆಗೆದವರು ಮತ್ತೆ ಮಾಳಿಗೆಯ ಕಥೆಯನ್ನೇ ತಿದ್ದುತ್ತ ಕುಳಿತರು. ಆಗ ನಾನು ನಿರ್ಧಾರ ಮಾಡಿದೆ.

ನಮ್ಮ ಕಡೆ ಒಂದು ನಂಬಿಕೆಯಿದೆ. ಹಚ್ಚಿದ ಪುರಾಣವನ್ನು ಮಂಗಲ ಮಾಡದೇ ನಡುವೆ ಬಿಡಬಾರದು, ಬಿಟ್ಟರೆ ಊರಿಗೆ ಒಳ್ಳೆಯದಲ್ಲ. ಮಂಗಲವೆಂದರೆ ಪುರಾಣದ ಕಡೆಯ ದಿನ. ಗ್ರಂಥವನ್ನು ಬಟ್ಟೆಯಲ್ಲಿ ಸುತ್ತಿ ತಲೆಯ ಮೇಲೆ ಹೊತ್ತು, ಕಳಸ ತುಂಬಿ, ಭಜನೆ ಹಾಡುತ್ತ ಮೆರವಣಿಗೆ ಮಾಡಿ, ಕಡೆಯ ಅಧ್ಯಾಯ ಓದಿಸಿ, ಊರಿಗೆಲ್ಲ ಗೋಧಿ ಹುಗ್ಗಿ ಉಣಿಸುತ್ತಾರೆ. ಮರುದಿನ ಬೆಳಿಗ್ಗೆ ನಾನು ಬಾಜೂ ಮನೆಯ ಅಕ್ಕನ ಹಿತ್ತಲಿಗೆ ಹೋದೆ. ಆಕೆ ಪಾತ್ರೆ ತಿಕ್ಕುತ್ತಿದ್ದಳು. ಆಚೀಚೆ ನೋಡಿ, ದನಿ ಇಳಿಸಿ ಹೇಳಿದೆ:

“ಅಕ್ಕಾ, ಬರೋ ಹುಣ್ಣಿವಿ ದಿನಾ ನಮ್ಮ ಮನಿಯವರು ಪುರಾಣ ಮಂಗಲ ಮಾಡ್ಬೇಕಂತ ಮಾಡ್ಯಾರ. ಯಾರಿಗೂ ಹೇಳಬ್ಯಾಡ.”

“ನಾ ಯಾಕ ಹೇಳ್ಲಿ?” ಎಂದಳು ಅಕ್ಕ. ತಿಕ್ಕುತ್ತಿದ್ದ ಪಾತ್ರೆಯನ್ನು ಹಾಗೇ ಬಿಟ್ಟು ಎದ್ದು ಕೈ ತೊಳೆದುಕೊಂಡಳು.

ನಾನು ನೆಮ್ಮದಿಯಿಂದ ಮನೆಗೆ ಬಂದೆ. ಅದನ್ನೇ ಡಂಗುರ ಸಾರಿಸಿದ್ದರೆ ಅರ್ಧ ಊರು ಕಿವಿಗೊಡುತ್ತಿರಲಿಲ್ಲ. ಯಾರಿಗೂ ಹೇಳಬೇಡವೆಂದ ಸುದ್ದಿಗೆ ಮಾತ್ರ ಕಾಲು ಬರುತ್ತವೆ.

ಸಂಜೆ ನನ್ನ ಗಂಡ ಶಾಲೆಯಿಂದ ಬಂದಾಗ ಬೆವೆತಿದ್ದರು. ಹಾರ್ಮೋನಿಯಂ ಕಾಕಾ ದಾರಿಯಲ್ಲಿ ತಡೆದು, ಮಂಗಲದ ಹುಗ್ಗಿಗೆ ಹೊಸ ಗೋಧಿ ಆದೀತೋ ಹಳೆಯದು ಬೇಕೋ ಎಂದು ಕೇಳಿದ್ದರಂತೆ. ಗಿರಣಿಯವ ಬೀಸುವ ಕೂಲಿ ಬೇಡವೆಂದನಂತೆ. ಹೆಡ್ ಮಾಸ್ತರರು ಶಾಲೆಯ ಜಮಖಾನೆ ಕೊಡುವುದಾಗಿ ಹೇಳಿ ಕೈಕುಲುಕಿದರಂತೆ.

“ಯಾರು ಹೇಳ್ಯಾರ ಇವರಿಗೆ ಮಂಗಲ ಅಂತ?” ಎಂದು ನನ್ನನ್ನು ಕೇಳಿದರು.

“ನನಗೇನ್ ಗೊತ್ರಿ. ನಾ ಮನಿ ಬಿಟ್ಟು ಎಲ್ಲಿ ಹೋಗ್ತೀನಿ?” ಎಂದೆ. “ಆದ್ರ ಹೇಳಿದ ಮ್ಯಾಲ ಮಾಡ್ಬೇಕಲ್ರಿ. ಮಂಗಲ ತಪ್ಪಿಸಿದ್ರ ಮಳಿ ಹೋತು, ಕಾಲುವಿಗೆ ನೀರು ಬರಲಿಲ್ಲ ಅಂತ ನಾಳಿ ನಿಮ್ಮ ಮ್ಯಾಲ ಬರ್ತದ. ಅಳಿಯ ಅಂತ ಬಿಡ್ತಾರೇನು?”

ಮರುದಿನ ಕಟ್ಟೆಗೆ ಬಂದವರಿಗೆಲ್ಲ ಅವರು ಸಂಕಟದಿಂದ ವಿವರಿಸಿದರು. ಇದು ಪುರಾಣವಲ್ಲ, ಇಂಗ್ಲಿಷ್ ಅನುವಾದ, ಇನ್ನೂ ಮುಗಿದಿಲ್ಲ, ಇದಕ್ಕೆ ಮೆರವಣಿಗೆ ಇರುವುದಿಲ್ಲ. ಎಲ್ಲರೂ ಪೂರಾ ಕೇಳಿದರು. ಕೇಳಿದ ಮೇಲೆ ಅಕ್ಕನ ಗಂಡ, “ಅದೆಲ್ಲ ಖರೇ ಅದರಿ ಅಳ್ಯಾರ. ಗ್ರಂಥಾ ನೀವ ಹೊರತೀರೋ, ಬ್ಯಾರೆಯವರಿಗೆ ಹೊರಸೂನೋ?” ಎಂದರು.

ಆ ವಾರ ಊರಿಗೆ ಹುಚ್ಚು ಹಿಡಿದಿತ್ತು. ಅದೇ ಸುಮಾರಿಗೆ ನಮ್ಮೂರ ಹೊಲಗಳ ಅಂಚಿನ ಮರಿ ಕಾಲುವೆಗೆ ಮೊದಲ ಸಲ ನೀರು ಬಿಟ್ಟಿದ್ದರು. ಕಳಸ ತುಂಬುವುದು ಹಳೆಯ ಬಾವಿಯಲ್ಲೋ ಕಾಲುವೆಯಲ್ಲೋ ಎಂಬ ಜಗಳ ಹತ್ತಿತು. ಸರಕಾರಿ ನೀರು ಮಡಿಗೆ ಬರುವುದಿಲ್ಲ ಎಂದು ಹಿರಿಯರು. ಬಂದದ್ದು ಕೃಷ್ಣಾ ಹೊಳೆ, ಕರೆದುಕೊಂಡು ಬಂದವರು ಮಾತ್ರ ಸರಕಾರದವರು ಎಂದು ಹೆಣ್ಣುಮಕ್ಕಳು. ಹೆಣ್ಣುಮಕ್ಕಳು ಗೆದ್ದೆವು, ಏಕೆಂದರೆ ಕಳಸ ಹೊರುವವರು ನಾವೇ. ಈ ಕಾಲುವೆಯ ಸುದ್ದಿ ತಿರುಚಿಕೊಂಡು ಕ್ಯಾಂಪಿಗೆ ಹೋಗಿ, ಸಗರದವರು ಹೊಸ ನೀರಿಗೆ ಪೂಜೆ ಇಟ್ಟುಕೊಂಡಿದ್ದಾರೆಂದು ಒಬ್ಬ ಇಂಜಿನಿಯರರು ತಿಳಿದುಕೊಂಡರು. ಮೈಸೂರು ಕಡೆಯವರು, ಬಹಳ ಸಂಭಾವಿತರು. ಹೊಸ ಅಂಗಿ ಹಾಕಿಕೊಂಡು ಜೀಪಿನಲ್ಲಿ ಬರುವವರಿದ್ದರು. ಅದೇ ಜೀಪಿನಲ್ಲಿ ಪಾದ್ರಿಯವರನ್ನೂ ಅವರ ಮಗಳನ್ನೂ ಕರೆತರುವಂತೆ ಮಾಡಿದ್ದು ಯಾರೆಂದು ಕೇಳಬೇಡಿ.

ನನ್ನ ಗಂಡ ಆ ವಾರ ಸರಿಯಾಗಿ ಉಣ್ಣಲಿಲ್ಲ. ಕಡೆಯ ಅಧ್ಯಾಯ ಬರೆದರು, ಹೆಣ್ಣುಮಕ್ಕಳು ಓಡುವವರೆಗೆ ಬರೆದರು. ಅಲ್ಲಿ ಪೆನ್ನು ನಿಂತದ್ದು ನಿಂತೇಹೋಯಿತು. ಹುಣ್ಣಿಮೆಯ ದಿನ ಬೆಳಿಗ್ಗೆ ನನ್ನ ಕೆಂಪು ಖಣದಲ್ಲಿ ಹಾಳೆಗಳ ಕಟ್ಟನ್ನು ನಾನೇ ಸುತ್ತಿ ಅವರ ತಲೆಯ ಮೇಲಿಟ್ಟೆ. “ಮುಗದಿಲ್ಲ” ಎಂದರು. “ನಡೀರಿ” ಎಂದೆ.

ಆ ಮೆರವಣಿಗೆ ನೆನಪಾದರೆ ಇವತ್ತಿಗೂ ನನಗೆ ನಗು ತಡೆಯಲಾಗುವುದಿಲ್ಲ. ಮುಂದೆ ಭಜನೆಯವರು ತಮಗೆ ಬರುವ ಶಿವನ ಪದಗಳನ್ನು ಜೋರಾಗಿ ಹಾಡುತ್ತಿದ್ದಾರೆ. ನಡುವೆ ಸುರಪುರದ ಪಂಡಿತರು ಧೋತರ ಉಟ್ಟು, ಯೇಸುವಿನ ಕಥೆಯನ್ನು ತಲೆಯ ಮೇಲೆ ಹೊತ್ತು, ಕೊರಳು ಆಚೀಚೆ ತಿರುಗಿಸಲಾಗದೇ ಕಣ್ಣನ್ನಷ್ಟೇ ತಿರುಗಿಸುತ್ತಿದ್ದಾರೆ. ಹಿಂದೆ ಚಕ್ಕಡಿಯಲ್ಲಿ ಪಾದ್ರಿಯವರು, ಕೊರಳಲ್ಲಿ ಚೆಂಡುಹೂವಿನ ಹಾರ. ಅವರ ಬಾಜೂಕ್ಕೆ ಇಂಜಿನಿಯರರು, ಅವರಿಗೂ ಹಾರ. ತಮಗೆ ಇಷ್ಟು ಗೌರವ ಎಲ್ಲೂ ಸಿಕ್ಕಿರಲಿಲ್ಲವೆಂದು ಅವರು ಕಣ್ಣೊರೆಸಿಕೊಳ್ಳುತ್ತಿದ್ದರು. ಕಾಲುವೆಯ ದಂಡೆಗೆ ಹೋದಾಗ ಕಳಸ ತುಂಬುವ ನೆವದಲ್ಲಿ ನಾವು ಹೆಣ್ಣುಮಕ್ಕಳೆಲ್ಲ ಮೊಣಕಾಲುದ್ದ ನೀರಿಗೆ ಇಳಿದೆವು. ಹುಟ್ಟಿದಾರಭ್ಯ ಹಗ್ಗದಿಂದ ನೀರು ಸೇದಿದ ಕೈಗಳು ನಮ್ಮವು. ಹರಿಯುವ ನೀರು ಕಾಲಿಗೆ ತಾನಾಗಿಯೇ ಬಂದು ಬಡಿದಾಗ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಒಬ್ಬಳು ಎರಚಿದಳು. ಆಮೇಲೆ ಎಲ್ಲರೂ ಎರಚಿದೆವು. ಮುದುಕಿಯರೂ ಎರಚಿದರು. ಪಾದ್ರಿಯವರು ಚಕ್ಕಡಿಯಲ್ಲಿ ಕುಳಿತೇ, “ಏನ್ ನಡದದ? ಏನ್ ನಡದದ?” ಎಂದು ಕೇಳುತ್ತಿದ್ದರು. ನಾನು ಒಂದು ಬೊಗಸೆ ನೀರು ತಂದು ಅವರ ಕೈಗೆ ಸುರಿದೆ. ಅದನ್ನು ಮುಖಕ್ಕೆ ಹಚ್ಚಿಕೊಂಡರು.

ಶಾಲೆಯ ಬಯಲಿನಲ್ಲಿ ಜಮಖಾನೆ ಹಾಸಿತ್ತು, ಬೇವಿನ ಮರಕ್ಕೆ ಸ್ಪೀಕರ್ ಕಟ್ಟಿತ್ತು. ಒಂದು ಕಡೆ ಹುಗ್ಗಿಯ ಕಡಾಯಿ ಕುದಿಯುತ್ತಿತ್ತು. ಪಾದ್ರಿಯವರನ್ನು ಮುಂದೆ ಕುರ್ಚಿಯಲ್ಲಿ ಕೂರಿಸಿದರು. ಅವರು ಎರಡೂ ಕೈ ಮೊಣಕಾಲ ಮೇಲಿಟ್ಟು, ಕಿವಿಯನ್ನು ನನ್ನ ಗಂಡನ ಕಡೆ ತಿರುಗಿಸಿ ಕುಳಿತರು. ನನ್ನ ಗಂಡ ಕಡೆಯ ಅಧ್ಯಾಯ ಓದಲು ಶುರುಮಾಡಿದರು. ಸ್ವಲ್ಪ ಇಂಗ್ಲಿಷ್, ಸ್ವಲ್ಪ ಅರ್ಥ. ಇಂಗ್ಲಿಷ್ ಓದುವಾಗ ಪಾದ್ರಿಯವರ ತುಟಿಯೂ ಅಲುಗುತ್ತಿತ್ತು. ಹಾಳೆಯ ಮೇಲೆ ಎಲ್ಲಿಯವರೆಗೆ ಅಕ್ಷರ ಇವೆ ಎಂದು ನನಗೆ ಗೊತ್ತಿತ್ತು.

ಹೆಣ್ಣುಮಕ್ಕಳು ಸಮಾಧಿಗೆ ಬಂದರು. ಖಾಲಿ ನೋಡಿದರು. ಓಡಿದರು. “ಹೆದರಿಕಿಲಿಂದ ಅವರು ಯಾರಿಗೂ ಏನೂ ಹೇಳಲಿಲ್ಲ” ಎಂದು ಅರ್ಥ ಹೇಳಿ ನನ್ನ ಗಂಡ ನಿಂತರು. ಹಾಳೆ ನೋಡಿದರು, ಪಾದ್ರಿಯವರನ್ನು ನೋಡಿದರು, ಮತ್ತೆ ಹಾಳೆ ನೋಡಿದರು. ಮುಗಿಯಿತೆಂದು ತಿಳಿದು ಹಾರ್ಮೋನಿಯಂ ಕಾಕಾ ಮಂಗಳಾರತಿಯ ಸ್ವರ ಹಿಡಿದರು. ಮುಗಿದಿಲ್ಲವೆಂದು ಯಾರೋ ಅವರ ಕೈ ಹಿಡಿದರು. ನನ್ನ ಗಂಡ ಹಾಳೆಯ ಹಿಂಬದಿಯನ್ನೂ ತಿರುಗಿಸಿ ನೋಡಿದರು. ನಾನು ಇದನ್ನೆಲ್ಲ ಯಾಕಾದರೂ ಮಾಡಿದೆನೋ ಎಂದು ಒಂದು ಗಳಿಗೆ ನನಗೂ ಅನಿಸಿತು.

ಆಗ ಬಾಜೂ ಮನೆಯ ಅಕ್ಕ ಎದ್ದು ನಿಂತಳು.

“ಎಷ್ಟು ಮಂದಿ ಹೆಣ್ಮಕ್ಕಳು ಹೋಗಿದ್ರು ಅಂದ್ರಿ ಅಳ್ಯಾರ?”

“ಮೂರು ಮಂದಿ” ಎಂದರು ನನ್ನ ಗಂಡ.

“ಮೂರು ಮಂದಿ. ಅಂಥಾದ್ದು ನೋಡಿ ಬಂದಾರ. ಯಾರಿಗೂ ಹೇಳಲಿಲ್ಲ ಅಂತೀರಿ?”

“ಹಂಗ ಬರದದ್ರಿ.”

“ಬರದವರು ಗಂಡಸರೇನು?”

ಮೊದಲು ನಕ್ಕವರು ಪಾದ್ರಿಯವರು. ಹಾರದ ಹೂವು ಉದುರುವ ಹಾಗೆ ನಕ್ಕರು. ಆಮೇಲೆ ಬಯಲೆಲ್ಲ ನಕ್ಕಿತು, ಹುಗ್ಗಿ ತಿರುವುತ್ತಿದ್ದವರೂ ಸೌಟು ಬಿಟ್ಟು ನಕ್ಕರು. ಅಕ್ಕ ಮಾತ್ರ ನಗಲಿಲ್ಲ. “ಹೇಳಿರಲಿಲ್ಲ ಅಂದ್ರ ನೀವು ಇವತ್ತ ಏನು ಓದಾಕತ್ತೀರಿ? ಯಾರೋ ಒಬ್ಬಾಕಿ ಹೇಳ್ಯಾಳ” ಎಂದು ಕುಳಿತಳು.

ಪಾದ್ರಿಯವರು ಕಣ್ಣೊರೆಸಿಕೊಂಡು ಕೈಯೆತ್ತಿದರು. “ಹಾರ್ಮೋನಿಯಂದವರ, ಇವತ್ತ ಮಂಗಲ ಅಂತ ನಿಮಗ ಯಾರು ಹೇಳಿದ್ರು?” ಎಂದು ಕೇಳಿದರು.

“ನಮ್ಮ ಮನಿಯಾಕಿರಿ” ಎಂದರು ಕಾಕಾ.

“ಆಕಿಗೆ?”

“ಗಿರಣಿಯವನ ಹೆಂಡತಿ” ಎಂದು ಹೆಂಗಸರ ಕಡೆಯಿಂದ ದನಿ ಬಂತು. ಗಿರಣಿಯವನ ಹೆಂಡತಿ ಅಕ್ಕನ ಕಡೆ ಬೆರಳು ತೋರಿಸಿದಳು. ಅಕ್ಕ ಏನೂ ಅಂಜದೇ ನನ್ನ ಕಡೆ ತೋರಿಸಿದಳು. “ಯಾರಿಗೂ ಹೇಳಬ್ಯಾಡ ಅಂದಿದ್ದಳ್ರಿ” ಎಂದು ಸೇರಿಸಿದಳು.

ಊರಿಗೆ ಊರೇ ತಿರುಗಿ ನನ್ನನ್ನು ನೋಡಿತು. ನನ್ನ ಗಂಡನೂ ನೋಡಿದರು. ತಲೆಯ ಮೇಲಿನ ಭಾರ ಯಾರು ಹೇರಿದ್ದೆಂದು ಅವರಿಗೆ ತಿಳಿದ ಹೊತ್ತು ಅದು. ನಾನು ಸೆರಗು ಸರಿಮಾಡಿಕೊಂಡು ಅವರನ್ನೇ ನೋಡಿದೆ. ಮದುವೆಯ ದಿನ ಅಂತರಪಟ ಸರಿದಾಗಲೂ ಅವರು ನನ್ನನ್ನು ಹಾಗೆ ನೋಡಿರಲಿಲ್ಲ.

“ಅಲ್ಲೇ ನಿಲ್ಲಸಪಾ” ಎಂದರು ಪಾದ್ರಿಯವರು. “ಒಂದು ಅಕ್ಷರಾನೂ ಕೂಡಿಸಬ್ಯಾಡ. ಬಾಕಿದ್ದು ಹೆಣ್ಮಕ್ಕಳು ನೋಡ್ಕೋತಾರ.”

ನನ್ನ ಗಂಡ ಹಾಳೆಗಳನ್ನು ಜೋಡಿಸಿ ಖಣದಲ್ಲಿ ಸುತ್ತಿ ಪಾದ್ರಿಯವರ ತೊಡೆಯ ಮೇಲಿಟ್ಟು ಕಾಲು ಮುಟ್ಟಿದರು. ಹಾರ್ಮೋನಿಯಂ ಕಾಕಾನ ಕೈ ಹಿಡಿದಿದ್ದವರು ಈಗ ಬಿಟ್ಟರು. ಮಂಗಳಾರತಿ ಆಯಿತು, ಹುಗ್ಗಿಯೂ ಆಯಿತು. ಪಾದ್ರಿಯವರು ಎರಡು ಸಲ ಹಾಕಿಸಿಕೊಂಡು ಉಂಡರು, ಮಗಳು ಬೇಡವೆಂದರೂ ಕೇಳಲಿಲ್ಲ. ಇಂಜಿನಿಯರರು ಭಾಷಣ ಮಾಡಿದರು. ಕಾಲುವೆಯನ್ನು ಮೂರು ಸಲ ಹೊಗಳಿದರು, ಯಾರೂ ಅವರನ್ನು ತಿದ್ದಲಿಲ್ಲ.

ಜೀಪು ಹೊರಡುವಾಗ ನಾನು ಪಾದ್ರಿಯವರ ಕಿವಿಯ ಹತ್ತಿರ ಬಾಗಿದೆ. “ಪಾದ್ರಿಯವರ, ಇವತ್ತ ನಡದದ್ದು ಬೀದರದಾಗ ಯಾರಿಗೂ ಹೇಳಬ್ಯಾಡ್ರಿ” ಎಂದೆ. ಅವರು ಕೈಯಿಂದ ತಡವಿ ನನ್ನ ತಲೆ ಹುಡುಕಿ ಅದರ ಮೇಲೆ ಕೈಯಿಟ್ಟರು.

“ಇಲ್ಲ ತಂಗಿ. ಒಬ್ಬರಿಗೂ ಹೇಳಾಂಗಿಲ್ಲ” ಎಂದರು.

ಮುಂದಿನ ಮಳೆಗಾಲ ಕಳೆದ ಮೇಲೆ ನನಗೆ ಕಾಲಿಗೆ ಮುಳ್ಳು ನೆಟ್ಟು ಕೀವಾಯಿತು. ಕ್ಯಾಂಪ್ ದವಾಖಾನೆಗೆ ಹೋದೆ. ಅಲ್ಲಿ ಹೊಸ ನರ್ಸು, ಬೀದರದಿಂದ ವರ್ಗವಾಗಿ ಬಂದ ಹುಡುಗಿ. ಪಟ್ಟಿ ಕಟ್ಟುತ್ತ ಯಾವ ಊರೆಂದು ಕೇಳಿದಳು. ಸಗರ ಎಂದೆ. ಆಕೆಯ ಕೈ ನಿಂತಿತು.

“ಸಗರ? ಹುಗ್ಗಿ ಮಂಗಲ ಮಾಡಿದ ಸಗರ? ಯಾರಿಗೂ ಹೇಳಬ್ಯಾಡ ಅಂದ ಮಾಸ್ತರರ ಮನಿಯವರು ಇರೋದು ನಿಮ್ಮೂರಾಗೇನ್ರಿ?”

ಪಾದ್ರಿಯವರು ಕಡೆಯ ದಿನಗಳಲ್ಲಿ ಅಲ್ಲಿಯ ದವಾಖಾನೆಯ ವಾರ್ಡಿನಲ್ಲಿದ್ದರಂತೆ. ಬಾಜೂ ಮಂಚಕ್ಕೆ ಯಾರು ಹೊಸಬರು ಬಂದರೂ ಅವರಿಗೆ ಹೇಳುತ್ತಿದ್ದರಂತೆ. ಮಾಳಿಗೆ, ಹಂದಿ, ಕಾಲುವೆಯ ನೀರು, ಎಲ್ಲ. ತಲೆದಿಂಬಿನ ಹತ್ತಿರ ಕೆಂಪು ಖಣದ ಗಂಟು. ಡಾಕ್ಟರರಿಗೂ ಹೇಳಿದ್ದಾರೆ, ಕಸ ಹೊಡೆಯುವಾಕೆಗೂ ಹೇಳಿದ್ದಾರೆ. ಹೇಳಿದ ಮೇಲೆ ಪ್ರತಿಯೊಬ್ಬರಿಗೂ, ಯಾರಿಗೂ ಹೇಳಬೇಡಿ ಎನ್ನುತ್ತಿದ್ದರಂತೆ. ಆ ಹುಡುಗಿ ಹೇಳುತ್ತ ಹೇಳುತ್ತ ನಗುತ್ತಿದ್ದಳು. ನಾನು ನಗುತ್ತಲೇ ಅತ್ತೆ. ಅಷ್ಟು ಸಂತೋಷದ ಅಳು ನನಗೆ ಮತ್ತೆ ಬಂದಿಲ್ಲ.

ಕುಂಟುತ್ತ ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಹೋಗಿ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತರು. ಬಾಜೂ ಮನೆಯ ಅಕ್ಕನಿಗೂ ಹೇಳಬೇಕೆಂದು ಹಿತ್ತಲಿಗೆ ಹೋದೆ. ಅಷ್ಟರಲ್ಲಿ ಆಕೆಗೆ ಗೊತ್ತಾಗಿತ್ತು.